ಬಿಟ್ಟುಹೋದ ಗಂಡ ಅಡುಗೆಮನೆಯಲ್ಲಿದ್ದ

ನನ್ನ ಹೆಂಡತಿಯ ಕಾಲೆರಡೂ ಚಿಕ್ಕಂದಿನಲ್ಲೇ ಪೋಲಿಯೊದಿಂದ ಹೋದವು. ಮನೆಯೊಳಗೆ ಕೈಯೂರಿ ಸರಿದಾಡುತ್ತಾಳೆ. ಬಚ್ಚಲಿಗೆ, ಹೊರಗಿನ ಕಟ್ಟೆಗೆ ನಾನೇ ಎತ್ತಿ ಒಯ್ಯಬೇಕು. ಎಲ್ಲ ನೋಡಿಯೇ ಲಗ್ನವಾದವನು ನಾನು, ಯಾರ ದಾಕ್ಷಿಣ್ಯಕ್ಕೂ ಅಲ್ಲ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಬನಹಟ್ಟಿಯ ಮಗ್ಗದ ಕಾರಖಾನೆ ಹೊಕ್ಕವನು. ದುಡಿದು ಇನ್ನೊಬ್ಬರನ್ನು ಸಾಕುವುದು ನನಗೇನೂ ದೊಡ್ಡ ಮಾತಾಗಿರಲಿಲ್ಲ.

ಆಕೆಗೆ ತಿಂಗಳಿಗೊಮ್ಮೆ ಅಂಗವಿಕಲರ ವೇತನ ಬರುತ್ತಿತ್ತು. ಪೋಸ್ಟ್‌ಮನ್ ಕಟ್ಟೆಯ ಮೇಲೆ ಕುಳಿತು, ಸಹಿ ಹಾಕಿಸಿಕೊಂಡು, ಆಕೆಯ ಕೈಯಲ್ಲೇ ಇಡುತ್ತಿದ್ದ. ನಾನು ಪಕ್ಕದಲ್ಲಿ ನಿಂತಿದ್ದರೂ ನನ್ನ ಕೈಗೆ ಕೊಡುತ್ತಿರಲಿಲ್ಲ. ದೊಡ್ಡ ಹಣವಲ್ಲ ಅದು. ಆದರೆ ಅದರಲ್ಲಿ ಆಕೆ ತನ್ನ ಸೀರೆ ತಾನೇ ಆರಿಸುತ್ತಿದ್ದಳು, ತಂಗಿ ಬಂದರೆ ಕುಪ್ಪಸದ ಅರಿವೆ ಕೊಟ್ಟು ಕಳಿಸುತ್ತಿದ್ದಳು. ನನ್ನನ್ನು ಒಂದು ಮಾತು ಕೇಳುತ್ತಿರಲಿಲ್ಲ. ಒಳಗೊಳಗೇ ಅದು ನನಗೆ ಚುಚ್ಚುತ್ತಿತ್ತು, ಬಾಯಿಬಿಟ್ಟು ಹೇಳಿದವನಲ್ಲ.

ಮಗ್ಗದಲ್ಲಿದ್ದಷ್ಟು ದಿನ ಏನೂ ತೊಂದರೆಯಿರಲಿಲ್ಲ. ನೆಯ್ದಷ್ಟಕ್ಕೆ ವಾರದ ಕೂಲಿ, ಅದಕ್ಕೆ ಕಾಗದವೇ ಇಲ್ಲ. ಆಲಮಟ್ಟಿಯಲ್ಲಿ ನೀರು ನಿಂತ ಮೇಲೆ ನದಿಯ ದಂಡೆಗುಂಟ ಏತ ನೀರಾವರಿ ಕೆಲಸಗಳು ಎದ್ದವು. ಒಂದು ಪಂಪ್‌ಹೌಸಿನಲ್ಲಿ ಗುತ್ತಿಗೆದಾರನ ಕೈಕೆಳಗೆ ನನಗೆ ಕೆಲಸ ಸಿಕ್ಕಿತು. ತಿಂಗಳ ಪಗಾರ, ಬ್ಯಾಂಕಿನಲ್ಲಿ ಖಾತೆ, ಪಗಾರದ ಚೀಟಿ, ಕೊರಳಿಗೆ ನನ್ನ ಫೋಟೊ ಇರುವ ಕಾರ್ಡು. ಸುಳ್ಳು ಯಾಕೆ ಹೇಳಲಿ, ಸೂಟಿಯ ದಿನವೂ ಆ ಕಾರ್ಡು ಹಾಕಿಕೊಂಡೇ ಚಹಾದಂಗಡಿಗೆ ಹೋಗುತ್ತಿದ್ದೆ.

ಆರು ತಿಂಗಳೊಳಗೆ ಊರಿನ ಕಂದಾಯದ ಲೆಕ್ಕ ನೋಡುವ ತಲಾಟಿ ಹೇಳಿಕಳಿಸಿದ: ಗಂಡನಿಗೆ ನೌಕರಿ ಹತ್ತಿದೆಯಂತೆ, ಹೆಂಡತಿಯ ವೇತನದ ಬಗ್ಗೆ ಚೌಕಶಿ ಮಾಡಲು ಮನೆಗೆ ಬರುತ್ತೇನೆ.

ಯಾರು ಮೂಗರ್ಜಿ ಹಾಕಿದರು? ನನಗೆ ಅನ್ನ ರುಚಿಸಲಿಲ್ಲ. ಮೊದಲು ಕಣ್ಣಿಗೆ ಬಿದ್ದವಳು ಎದುರು ಮನೆಯ ದೊಡ್ಡವ್ವ. ಆಕೆಯ ವಿಧವಾ ವೇತನದ ಅರ್ಜಿ ಎರಡು ಸಲ ಹಿಂದಕ್ಕೆ ಬಂದಿತ್ತು; ನಮ್ಮ ಕಟ್ಟೆಗೆ ಪೋಸ್ಟ್‌ಮನ್ ಬಂದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಆಮೇಲೆ ನಾನು ಬಿಟ್ಟುಬಂದ ಮಗ್ಗದ ಮಾಲೀಕ. ಆಮೇಲೆ ಪೋಸ್ಟ್‌ಮನ್ನನೇ. ಹೆಂಡತಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಅಂದಳು, "ಕೊಳ್ಳಾಗ ಕಾರ್ಡ ಕಟಗೊಂಡ ಊರೆಲ್ಲಾ ಅಡ್ಯಾಡೀರಿ. ಇನ್ನ ಯಾರ ಹೇಳಬೇಕಿತ್ತರೀ?"

ಜಮಖಂಡಿಗೆ ಹೋದೆ. ತಾಲೂಕು ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆದುಕೊಡುವವನೊಬ್ಬ ಕೂರುತ್ತಿದ್ದ. ಎಲ್ಲ ಕೇಳಿಸಿಕೊಂಡು ಅಂದ, "ಗಂಡ ಹೆಂಡ್ತಿ ಒಂದ ಮನಿಯಾಗ ಇರೂತನಕ ನಿನ್ನ ಪಗಾರ ಆಕಿ ಉತ್ಪನ್ನದಾಗ ಕೂಡತೈತಿ. ಮಿತಿ ದಾಟಿತಂದ್ರ ವೇತನ ಬಂದ್."

"ನಾ ದುಡದ್ರ ಆಕಿಗೆ ಕಾಲ ಬರ್ತಾವೇನ್ರಿ?"

"ಅದನ್ನ ನನಗ್ಯಾಕ ಕೇಳ್ತಿ?"

"ಹೋಗ್ಲಿ, ಆಕೀನ್ನ ದಿನಾ ಎತ್ತಿ ಇಳಸಾಂವಗ ಏನರೆ ಐತೇನ್ರಿ ಸರ್ಕಾರದಾಗ?"

ಆತ ಪೆನ್ನು ಕೆಳಗಿಟ್ಟು ನಕ್ಕ. "ಹೆಂಡ್ತೀನ್ನ ಎತ್ತಾಕೂ ಪಗಾರ ಬೇಕೇನಲೇ ನಿನಗ? ಕೇಳಿಲ್ಲಿ, ಒಂದ ಹಾದಿ ಐತಿ. ನೀ ಆಕೀನ್ನ ಬಿಟ್ಟಹೋಗೀದಿ ಅಂತ ಬರಸು. ರೇಷನ್ ಕಾರ್ಡಿನಾಗಿಂದ ನಿನ್ನ ಹೆಸರ ತಗಸು. ಇಬ್ಬರು ಪಂಚರು ಹೆಬ್ಬಟ್ಟ ಒತ್ತಿದ್ರ ಮುಗೀತು. ಬಾಳೇ ಆಕಿ ಕೂಡೇ ಮಾಡ್ಕೋತ ಇರು, ಯಾರ ಬಂದ ನೋಡ್ತಾರ?"

ಇವನಿಗೆ ಇದರಲ್ಲಿ ಎಷ್ಟು ಸಿಗುತ್ತದೋ ಎಂದುಕೊಂಡೇ ಬಸ್ಸು ಹತ್ತಿದೆ. ಕಾಲಿಲ್ಲದ ಹೆಂಡತಿಯನ್ನು ಬಿಟ್ಟು ಓಡಿಹೋದವನು ಎಂದು ಓಣಿಯವರು ಹೆಬ್ಬಟ್ಟು ಒತ್ತಬೇಕಂತೆ! ಮನೆಗೆ ಬಂದು ಹೇಳಿದೆ. ಆಕೆಗೂ ಸಿಟ್ಟು ಬಂದೀತು ಎಂದುಕೊಂಡಿದ್ದೆ.

"ಬರಸೂಣು," ಎಂದಳು. ಕೈಯೊಳಗಿನ ಕಂಡಿಕೆಯನ್ನೂ ನಿಲ್ಲಿಸಲಿಲ್ಲ.

ಇಷ್ಟು ಲಗೂನ ಒಪ್ಪಿದ್ದು ಯಾಕೆ? ಒಂದು ಸಲ ಅತ್ತಿದ್ದರೆ, ಒಂದು ಸಲ "ಛೀ" ಅಂದಿದ್ದರೆ ಸಾಕಿತ್ತು ನನಗೆ. ಅಂದಿನಿಂದ ಆಕೆ ತಂಗಿಯ ಜೊತೆ ಮಾತಾಡುವಾಗ ನಾನು ಬಾಗಿಲ ಬಳಿ ನಿಂತು ಕೇಳತೊಡಗಿದೆ.

ಪಂಚರಲ್ಲಿ ಒಬ್ಬಳು ದೊಡ್ಡವ್ವನೇ ಇರಲಿ ಎಂದು ನಾನೇ ಹೇಳಿದೆ. ಹೆಬ್ಬಟ್ಟು ಒತ್ತಿದ ಮೇಲೆ ಮತ್ತೆ ಚಾಡಿ ಹೇಳಲಾರಳು ಎಂಬುದು ನನ್ನ ಎಣಿಕೆ.

ತಲಾಟಿ ಬಂದದ್ದು ಮಧ್ಯಾಹ್ನ. ಹೆಂಡತಿಯನ್ನು ಕಟ್ಟೆಯ ಮೇಲೆ ಕೂರಿಸಿ, ನನ್ನ ಚಪ್ಪಲಿ, ಅಂಗಿ ಎತ್ತಿಕೊಂಡು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಮಗ್ಗಗಳ ಸಪ್ಪಳದಲ್ಲಿ ನನಗೇನೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಮಗ್ಗದವರು ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಈಗ ಒಂದೊಂದು ಮಾತೂ ಊರಿಗೇ ಕೇಳುವಂತಾಯಿತು.

"ಗಂಡ ಎಲ್ಲಿ ಅದಾನವಾ?"

"ಗೊತ್ತಿಲ್ರಿ. ಹೋಗೂ ಮುಂದ ಎಲ್ಲಿಗಿ ಅಂತ ಹೇಳೂ ಪದ್ಧತಿ ಇಲ್ರಿ ಅವರದು."

"ಛಲೋ ನೋಡ್ಕೋತಿದ್ನೋ ಇಲ್ಲೋ?"

"ಹೊಡದಿಲ್ರಿ, ಬೈದಿಲ್ರಿ. ಬಚ್ಚಲಕ್ಕ ಎತ್ತಿ ಒಯ್ಯಾಗ ಮಾತ್ರ ನೂಲಿನ ಗಂಟ ಎತ್ತಿದಂಗ ಎತ್ತತಿದ್ರು. ಒಂದ ಮಾತ ಆಡ್ತಿದ್ದಿಲ್ಲ. ಓಣ್ಯಾಗ ನಾಕ ಮಂದಿ ನಿಂತಿದ್ರ ಮಾತಾಡ್ತಿದ್ರು ನೋಡ್ರಿ, ಹುಷಾರು, ಹುಷಾರು ಅಂತ."

ಯಾರೋ ನಕ್ಕರು. ದೊಡ್ಡವ್ವನೇ ಇರಬೇಕು. ಇದನ್ನೆಲ್ಲ ಹೇಳು ಎಂದು ನಾವು ಮಾತಾಡಿಕೊಂಡಿರಲಿಲ್ಲ. ಜಗಳಾಡಿ ಹೋದರು ಎಂದಷ್ಟೇ ಹೇಳಬೇಕಾಗಿತ್ತು. ಇಷ್ಟೆಲ್ಲ ಆಕೆ ಎಂದು ಜೋಡಿಸಿಟ್ಟುಕೊಂಡಳು?

"ಬಿಟ್ಟಹೋಗಿ ಎಷ್ಟ ದಿನಾ ಆತು?"

"ದಿನಾ ಹೇಳಾಕ ಬರೂದಿಲ್ರಿ ಸಾಹೇಬ್ರ. ಒಮ್ಮಿಗೇ ಹೋಗಲಿಲ್ಲ ಅವರು. ಸ್ವಲ್ಪ ಸ್ವಲ್ಪ ಹ್ವಾದ್ರು."

ನಾನು ಬಾಗಿಲು ದೂಡಿ ಹೊರಗೆ ಬಂದೆ. ಬರಬಾರದಿತ್ತು, ಒಂದು ಹೆಬ್ಬಟ್ಟಷ್ಟೇ ಉಳಿದಿತ್ತು.

ತಲಾಟಿ ನನ್ನ ಮೈಮೇಲಿನ ಬನಿಯನ್, ಕೈಯಲ್ಲಿದ್ದ ಚಪ್ಪಲಿ ನೋಡಿದ. "ನೀ ಯಾರಪಾ?"

"ಗಂಡ್ರಿ. ಎಲ್ಲೂ ಹೋಗಿಲ್ಲ ನಾ. ಇಲ್ಲೇ ಅದೇನಿ."

"ಅಯ್ಯ ಯಪ್ಪಾ, ಒಂದ ಗಳಿಗಿ ತಡೀಲಿಲ್ಲಲ್ಲೋ!" ಎಂದು ದೊಡ್ಡವ್ವ ಹಣೆ ಬಡಿದುಕೊಂಡಳು. ಆಕೆಯ ಹೆಬ್ಬೆರಳಿಗೆ ಆಗಲೇ ಮಸಿ ಹತ್ತಿತ್ತು. ಮೂಗರ್ಜಿ ಹಾಕಿದವಳ ಮುಖ ಹಾಗೆ ಇರುವುದಿಲ್ಲ ಎಂದು ಈಗ ಅನಿಸುತ್ತದೆ. ಆವತ್ತು ಅದೂ ನಾಟಕವೆನಿಸಿತು.

ಮುಂದಿನ ತಿಂಗಳು ಪೋಸ್ಟ್‌ಮನ್ ನಮ್ಮ ಕಟ್ಟೆ ದಾಟಿ ಹೋದ. ಹೆಂಡತಿ ಕೂಗಾಡಲಿಲ್ಲ. "ನೀವು ಮಾನ ಉಳಿಸ್ಕೊಂಡ್ರಿ. ಹೋಗಿದ್ದು ನಂದು," ಎಂದಳು, ಅಷ್ಟೇ. ನನ್ನ ಪಗಾರದಲ್ಲಿ ಅಷ್ಟನ್ನೇ ಎತ್ತಿ ಕೊಡಲು ಹೋದೆ. "ಇದು ನೀವು ಕೊಟ್ಟದ್ದಾತಲ್ಲರೀ," ಎಂದು ಹಾಗೇ ಗೋಡೆಯ ಮಾಡದಲ್ಲಿಟ್ಟಳು. ತಂಗಿ ಬಂದಾಗ ಕುಪ್ಪಸದ ಅರಿವೆ ಕೊಡುವುದಿರಲಿ, ಬಾ ಎಂದು ಕರೆಯುವುದನ್ನೂ ಕಡಿಮೆ ಮಾಡಿದಳು. ಆವತ್ತು ಹೇಳಿದ್ದು ಖರೆಯೋ, ತಲಾಟಿಗಾಗಿಯೋ ಎಂದು ಎಷ್ಟೋ ಸಲ ಕೇಳಿದೆ. "ಹೆಬ್ಬಟ್ಟ ಬಿದ್ದಿಲ್ಲಲ್ಲ, ಬಿಡ್ರಿ," ಎನ್ನುತ್ತಿದ್ದಳು.

ಎರಡು ವರ್ಷಕ್ಕೆ ಗುತ್ತಿಗೆದಾರ ಬದಲಾದ. ಹೊಸಬ ತನ್ನವರನ್ನು ತಂದುಕೊಂಡ. ನಾನು ಮತ್ತೆ ಮಗ್ಗಕ್ಕೆ ಬಂದೆ. ಚೀಟಿಯಿಲ್ಲದ ಕೂಲಿ ಎಂದರೆ ಆಕೆ ಮತ್ತೆ ಅರ್ಜಿ ಹಾಕಬಹುದು. ಆಟೋ ಮಾಡಿಕೊಂಡು ಆಕೆಯನ್ನೂ ಜಮಖಂಡಿಗೆ ಕರೆದೊಯ್ದೆ. ಬೇವಿನ ಗಿಡದ ಕೆಳಗೆ ಆತ ಹೊಸ ಫಾರಂ ತೆಗೆದು ಒಂದೊಂದೇ ಕೇಳುತ್ತ ತುಂಬಿದ. ನನ್ನನ್ನು ಓರೆಗಣ್ಣಿಂದ ನೋಡಿ, ಬೇಕೆಂದೇ ಆಕೆಯನ್ನು ಕೇಳಿದ, "ಗಂಡ ಕೂಡೇ ಅದಾನೇನವಾ?"

ಆಕೆ ಅವನ ಪೆನ್ನು ನೋಡಿದಳು. ಕಚೇರಿಯ ಬಾಗಿಲು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅದಾರ," ಎಂದಳು. "ಬರ್ಕೋರಿ."

ವೇತನ ಮತ್ತೆ ಮಂಜೂರಾಯಿತು. ಅಷ್ಟು ಸಣ್ಣ ಮಾತು ಹೇಳಲು ಆಕೆಗೆ ಅಷ್ಟು ಹೊತ್ತು ಯಾಕೆ ಬೇಕಾಯಿತು ಎಂಬುದನ್ನು ಮಾತ್ರ ನಾನು ಈವರೆಗೂ ಕೇಳಿಲ್ಲ.