ಮಾವ ಕೊಡಿಸಿದ ಸೀಟು

ನಮ್ಮ ಕಡೆ ಹತ್ತನೇ ತರಗತಿಯ ಪರೀಕ್ಷೆ ಬರುವ ಮೊದಲೇ ಮಗು ಪಿಯುಸಿಗೆ ಏನು ತೆಗೆದುಕೊಳ್ಳುತ್ತದೆ ಎಂಬುದು ನೆಂಟರಿಷ್ಟರಿಗೆಲ್ಲ ಗೊತ್ತಿರುತ್ತದೆ. ಕೇಳದೆ ಉಳಿಯುವುದು ಮಗುವನ್ನು ಮಾತ್ರ. ನನ್ನದೂ ಡಿಸೆಂಬರಿನಲ್ಲೇ ತೀರ್ಮಾನವಾಗಿತ್ತು: ಪಿಸಿಎಂಬಿ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ. "ನಾಲ್ಕೂ ತೆಗೊಂಡ್ರೆ ಡಾಕ್ಟರ್ ಬಾಗಿಲೂ ತೆರೆದಿರ್ತದೆ, ಇಂಜಿನಿಯರ್ ಬಾಗಿಲೂ ತೆರೆದಿರ್ತದೆ" ಎಂದು ಅಮ್ಮ ಕೂಳೂರಿನ ನಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಎರಡು ಬಾಗಿಲುಗಳ ಸುದ್ದಿ ಕೇಳಿ ಕೇಳಿ ನನಗೆ ಉಸಿರು ಕಟ್ಟುತ್ತಿತ್ತು.

ನನಗೆ ಬೇಕಿದ್ದದ್ದು ಇತಿಹಾಸ. ಜೆಪ್ಪುವಿನಲ್ಲಿ ಅಪ್ಪನ ಹಳೆಯ ಮನೆಯ ಮಾಡು ಬಿಚ್ಚಿದಾಗ ಹೆಂಚುಗಳ ಅಡಿಯಲ್ಲಿ ಕಾರ್ಖಾನೆಯ ಹೆಸರು, ಇಸವಿ ಅಚ್ಚೊತ್ತಿದ್ದು ಕಂಡಿತ್ತು. ಬೇರೆ ಮಕ್ಕಳು ಆಡುತ್ತಿದ್ದರೆ ನಾನು ಮೂರು ದಿನ ಅಂಗಳದಲ್ಲಿ ಕುಳಿತು ಅವನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದ್ದೆ. ಆರ್ಟ್ಸ್ ತೆಗೆದುಕೊಂಡರೆ ಇಂಥದ್ದನ್ನೇ ಓದಬಹುದು ಎಂದು ಶಾಲೆಯ ಟೀಚರ್ ಹೇಳಿದ್ದರು. ಅದನ್ನು ಅಮ್ಮನ ಮುಂದೆ ಹೇಳಿದಾಗ ಅವರು ಅನ್ನ ಬಸಿಯುವುದನ್ನೂ ನಿಲ್ಲಿಸಲಿಲ್ಲ. "ಮಾರ್ಕ್ಸ್ ಇಲ್ಲದವರು ತೆಗೊಳ್ಳುವುದು ಅದು" ಎಂದರು, ಅಷ್ಟೆ.

ನಾವು ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಜನ. ಕಾನೂನು ಎಂದೋ ಬದಲಾಗಿದೆ. ಆದರೆ ಮದುವೆ, ಮನೆ ಕಟ್ಟುವುದು, ಮಕ್ಕಳ ಓದು ಎಂದರೆ ಇವತ್ತಿಗೂ ಅಮ್ಮನ ಅಣ್ಣನ ಮಾತೇ ಕೊನೆಯ ಮಾತು. ಅಂಥ ವಿಷಯ ಬಂದಾಗ ಅಪ್ಪ ಪೇಪರ್ ಎತ್ತಿಕೊಳ್ಳುತ್ತಿದ್ದರು. ಬಂದರಿನ ಹತ್ತಿರ ಒಂದು ಆಫೀಸಿನಲ್ಲಿ ಕೆಲಸ ಅವರಿಗೆ. ಅಲ್ಲಿ ನಾಲ್ಕು ಜನರನ್ನು ಗದರಿಸುತ್ತಾರಂತೆ, ಮನೆಯಲ್ಲಿ ಅವರ ದನಿ ಕೇಳುವುದೇ ಅಪರೂಪ. ಹಾಗಾಗಿ ನಾನು ಲೆಕ್ಕ ಹಾಕಿದೆ. ಅಪ್ಪನಿಗೆ ಹೇಳಿ ಪ್ರಯೋಜನವಿಲ್ಲ. ಅಮ್ಮನ ಮಾತು ಮೀರಬಲ್ಲವರು ಮಾವ ಒಬ್ಬರೇ. ಅವರನ್ನೇ ಹಿಡಿದರೆ ಕೆಲಸ ಆದಂತೆ. ಹದಿನೈದರ ವಯಸ್ಸಿಗೆ ನನಗೆ ಅದು ಭಾರಿ ಬುದ್ಧಿವಂತಿಕೆಯಾಗಿ ಕಂಡಿತ್ತು.

ಮಾವನದು ಕೊಟ್ಟಾರದಲ್ಲಿ ಹೋಟೆಲು. ಒಂದು ಶನಿವಾರ ಊಟದ ಗಲಾಟೆ ಮುಗಿದ ಮೇಲೆ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದೆ. ಅವರು ನನ್ನನ್ನು ಮೂಲೆಯ ಮೇಜಿನಲ್ಲಿ ಕೂರಿಸಿ ಬನ್ಸ್, ಚಾ ತರಿಸಿದರು.

"ಮಾವ, ನನಗೆ ಸೈನ್ಸ್ ಬೇಡ. ಆರ್ಟ್ಸ್ ತೆಗೊಳ್ತೇನೆ. ಅಮ್ಮನ ಹತ್ರ ನೀವೊಮ್ಮೆ ಮಾತಾಡಿ."

ಅವರು ಬೈಯಲಿಲ್ಲ. "ಆರ್ಟ್ಸ್ ಎಂತಕ್ಕೆ ಮಾರಾಯ್ತಿ? ನಿನಗೆ ಮಾರ್ಕ್ಸ್ ಬರ್ತದಲ್ಲ" ಎಂದರು. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಸೈನ್ಸ್ ಕಷ್ಟ ಆಗ್ತದೆ ಅಂತ ಹೆದರಿಕೆಯಾ?"

ಅಲ್ಲ ಎನ್ನಬೇಕಿತ್ತು. ಆದರೆ ಮಾವನಿಗೆ ಅಲ್ಲ ಎಂದವರನ್ನು ನಾನು ನಮ್ಮ ಮನೆಯಲ್ಲಿ ಅದುವರೆಗೆ ಕಂಡಿರಲಿಲ್ಲ. ತಲೆ ತಗ್ಗಿಸಿ ಬನ್ಸ್ ಮುರಿಯುತ್ತಾ ಕುಳಿತೆ.

"ಆಯ್ತು, ನೀನು ತಲೆಬಿಸಿ ಮಾಡ್ಬೇಡ. ನಾನು ನೋಡ್ಕೊಳ್ತೇನೆ."

ವಾಪಸು ಬರುವಾಗ ಬಸ್ಸಿನಲ್ಲಿ ನನ್ನಷ್ಟು ಖುಷಿಯಲ್ಲಿದ್ದವರು ಯಾರೂ ಇರಲಿಕ್ಕಿಲ್ಲ.

ಮುಂದಿನ ಭಾನುವಾರ ಮಾವ ಮನೆಗೆ ಬಂದರು. ಕೈಯಲ್ಲಿ ಒಂದು ಫಾರ್ಮು. "ಇವಳು ತಾನಾಗಿ ನನ್ನ ಹತ್ರ ಬಂದಳು. ಪಾಪ, ಸೈನ್ಸ್ ಅಂದ್ರೆ ಹೆದರಿಕೆಯಂತೆ" ಎಂದು ಅಮ್ಮನಿಗೆ ಹೇಳಿದರು. "ಕಾಲೇಜಿನಲ್ಲಿ ಗುರ್ತದವರು ಉಂಟು. ಕೋಚಿಂಗ್ ಅಲ್ಲೇ ಕೊಡುವ ಸೆಕ್ಷನ್ನಿಗೆ ಹಾಕಿಸಿದ್ದೇನೆ. ಇನ್ನು ಹೆದರ್ಲಿಕ್ಕೆ ಎಂತ ಇಲ್ಲ."

ಅಮ್ಮನಿಗೆ ಕಣ್ಣು ತುಂಬಿ ಬಂತು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟರು. ಅವರ ಮುಖದಲ್ಲಿದ್ದದ್ದು ಅಪ್ಪಟ ಪ್ರೀತಿ. ಅದನ್ನು ಕಂಡೇ ನನ್ನ ಬಾಯಿ ಕಟ್ಟಿಹೋಯಿತು. ಗದರಿಸಿದ್ದರೆ ಅತ್ತು ರಂಪ ಮಾಡಬಹುದಿತ್ತು. ಅಪ್ಪ ಪೇಪರ್ ಇಳಿಸಿ ನನ್ನನ್ನೇ ನೋಡುತ್ತಿದ್ದರು. ಸಿಟ್ಟು ಬಂದಿದೆ ಎಂದುಕೊಂಡೆ.

"ಬಾವ ಹೇಳಿದ ಮೇಲೆ ಆಯ್ತಲ್ಲ" ಎಂದು ಅವರು ಜೇಬಿನಿಂದ ಪೆನ್ನು ತೆಗೆದು ಫಾರ್ಮಿಗೆ ಸಹಿ ಹಾಕಿದರು.

ಜೂನ್ ಬಂತು. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದರೆ ಸಂಜೆ ಐದೂವರೆಗೆ ಹೊರಗೆ. ಭಾನುವಾರ ಟೆಸ್ಟು. ಕ್ಲಾಸಿನ ಕಿಟಕಿಗಳು ಗೋಡೆಯಲ್ಲಿ ತುಂಬ ಎತ್ತರದಲ್ಲಿದ್ದವು, ಮಳೆ ಬರುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಹೊರಗಿನಿಂದ ಬಂದವರ ಬಟ್ಟೆ ನೋಡಬೇಕಿತ್ತು. ಪಾಠ ಕಷ್ಟವೇನೂ ಆಗಲಿಲ್ಲ, ಮಾರ್ಕ್ಸೂ ಬಂತು. ಫೇಲಾದರಾದರೂ ಬಿಟ್ಟಾರೇನೋ, ಹೀಗೆ ಓದುತ್ತಿದ್ದರೆ ಯಾರು ಬಿಡುತ್ತಾರೆ ಎನ್ನಿಸುತ್ತಿತ್ತು. ಬೇಕೆಂದೇ ತಪ್ಪು ಬರೆಯಲು ಒಮ್ಮೆ ಪ್ರಯತ್ನಿಸಿದೆ. ಕೈ ಬರಲಿಲ್ಲ.

ಜುಲೈಯಲ್ಲಿ ಒಂದು ಬೆಳಿಗ್ಗೆ ಬಸ್ಸು ತಪ್ಪಿತೆಂದು ಅಪ್ಪ ಸ್ಕೂಟರಿನಲ್ಲಿ ಬಿಡಲು ಹೊರಟರು. ಕೂಳೂರು ಸೇತುವೆಯ ಮೇಲೆ ಎಂದಿನಂತೆ ಬ್ಲಾಕ್. ಮುಂದೆ ಟ್ಯಾಂಕರು, ಹಿಂದೆ ಬಸ್ಸು. ಅಪ್ಪ ಇಂಜಿನ್ ಆಫ್ ಮಾಡಿ, ತಿರುಗಿ ನೋಡದೆಯೇ ಮಾತಾಡಿದರು.

"ನಾನು ಆರ್ಟ್ಸಿನ ಫಾರ್ಮ್ ತಂದಿಟ್ಟಿದ್ದೆ. ನನ್ನ ಆಫೀಸಿನ ಬ್ಯಾಗಿನಲ್ಲಿತ್ತು."

"ಯಾವಾಗ?" ಎಂದೆ.

"ಮಾವ ಬರುವ ಮೊದಲೇ. ನೀನು ಅಮ್ಮನಿಗೆ ಹೇಳಿದ್ದು ನನಗೂ ಕೇಳಿತ್ತು. ನೀನು ಬಂದು ಕೇಳ್ತಿ, ಆಗ ಅಮ್ಮನ ಹತ್ರ ಮಾತಾಡುವ ಅಂತ ಇದ್ದೆ."

"ನೀವೇ ಹೇಳ್ಬಹುದಿತ್ತಲ್ಲ, ಅಪ್ಪ."

"ನೀನು ಸೀದಾ ಮಾವನ ಹತ್ರ ಹೋದಿ. ಮತ್ತೆ ನಾನು ಎಂತ ಹೇಳುವುದು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಎಲ್ಲರೂ ಅಪ್ಪನನ್ನು ಬದಿಗಿಟ್ಟ ಹಾಗೆ ನಾನೂ ಇಟ್ಟಿದ್ದೆ. ಅವರು ನನಗಾಗಿ ಕಾಯುತ್ತಿದ್ದಾಗಲೇ ಇಟ್ಟಿದ್ದೆ. ನಾಚಿಕೆಯಿಂದ ಕಣ್ಣು ಉರಿಯಿತು.

"ಈಗ ಬದಲು ಮಾಡ್ಲಿಕ್ಕೆ ಆಗ್ತದಾ ಅಪ್ಪ?"

ಮುಂದಿನ ಟ್ಯಾಂಕರು ಅಲುಗಿತು. ಇಂಜಿನ್ ಶುರು ಮಾಡುತ್ತಾ ಅಪ್ಪ ಹೇಳಿದರು.

"ಅದಕ್ಕೆ ಮಾವನ ಹತ್ರ ಕೇಳ್ಬೇಕಲ್ಲ, ಮಗಾ."

ಎಂಟಕ್ಕೆ ಕಾಲೇಜಿನ ಗೇಟು ಹಾಕುತ್ತಿದ್ದರು. ಅಪ್ಪ ನನ್ನನ್ನು ಐದು ನಿಮಿಷ ಮೊದಲೇ ತಲುಪಿಸಿದರು.