ಗಿರಣಿಯ ಪಕ್ಕದ ಕಂಬ

ನಾನು ದಣಿದಿದ್ದೆ ಎಂಬುದು ನಿಜ. ಅದನ್ನೇ ಕಾರಣವೆಂದು ನನಗೆ ನಾನೇ ಹೇಳಿಕೊಂಡು ಬಹಳ ದಿನ ಕಳೆದೆ. ಈಗ ಹಾಗೆ ಹೇಳಿಕೊಳ್ಳಲೂ ಬೇಸರ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೆಟ್ರಿಕ್ ಮುಗಿಸಿ ಆಳಂದದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವನು ನಾನು. ಅಂಗಡಿ ಮುಚ್ಚಿ ಹಿರೋಳ್ಳಿಯ ಮನೆಗೆ ಬಂದು ಕೂತ ಮೇಲೆ, ಆ ಕಸುಬಿನ ಹೆಸರಿನಲ್ಲೇ ಒಂದು ಕೆಲಸ ಹುಡುಕಿಕೊಂಡು ಬಂತು. ಉಪಗ್ರಹದ ಸಂಕೇತ ಕೈಕೊಟ್ಟರೂ ಹಡಗು ವಿಮಾನಗಳಿಗೆ ದಾರಿ ತಿಳಿಯಬೇಕಲ್ಲ, ಅದಕ್ಕಾಗಿ ದೂರದ ಕರಾವಳಿಯಿಂದ ರೇಡಿಯೊ ಅಲೆ ಬಿಟ್ಟು ಇಲ್ಲಿ ಹಿಡಿದು ನೋಡುವ ಪರೀಕ್ಷೆ. ಅಫಜಲಪುರದ ಹೊರಗೊಂದು, ಜೇವರ್ಗಿ ಕಡೆಯ ಕೊಳಕೂರದಲ್ಲೊಂದು, ನಮ್ಮ ಹೊಲದಲ್ಲೊಂದು ಅಲೆ ಹಿಡಿಯುವ ಕಂಬ ಮತ್ತು ಅದನ್ನು ದಾಖಲಿಸುವ ಪೆಟ್ಟಿಗೆ ಇಟ್ಟರು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಜೇವರ್ಗಿಯ ಹುಡುಗಿ, ಹೊಸದಾಗಿ ಇಂಜಿನಿಯರ್ ಆದವಳು. ಮೊದಲ ದಿನ ನಮ್ಮ ಮನೆಯಲ್ಲೇ ಉಂಡಳು.

“ಕಾಕಾ, ಒಂದು ಅಲಿ ನೆಲ ಹಿಡದು ಸೀದಾ ಬರ್ತದ್ರಿ. ಅದರದೇ ಇನ್ನೊಂದು ಪಾಲು ಮ್ಯಾಲ ಹೋಗಿ, ಆಕಾಶಕ್ಕ ಬಡದು, ಜರಾ ತಡಮಾಡಿ ಬರ್ತದ. ಒಂದು ಮುಗಿಯೋದ್ರಾಗ ಇನ್ನೊಂದು ಅದರ ಮ್ಯಾಲ ಬಂದು ಬೀಳ್ತದ. ಸಂಜಿ ಆಯ್ತಂದ್ರ ಹಿಂದ ಬಂದಿದ್ದೇ ಜೋರು. ಆದ್ರ ದಾರಿ ಲೆಕ್ಕಕ್ಕ ಮೊದಲ ಬಂದಿದ್ದೇ ಖರೆ. ಎರಡೂ ಬಿಡಿಸೋ ಲೆಕ್ಕಾ ನಾ ಮಾಡೀನಿ.”

ನನ್ನ ಹೆಂಡತಿ ರೊಟ್ಟಿ ಹಾಕುತ್ತ ನಕ್ಕಳು. “ಮೊದಲ ಸಣ್ಣಗ ಹೇಳಾಕಿ ನಾ. ಆಮ್ಯಾಲ ಜೋರ್ಲೆ ಒದರಾಂವ ಈ ಮನಷ್ಯಾ. ನಂದೇ ಖರೆ ಅಂತ ಬರಕೋ ಬೇ.”

“ಬರಕೊಂಡೆ ಕಾಕು,” ಎಂದಳು ಹುಡುಗಿ.

ನನಗೆ ಹೇಳಿದ್ದು ಇಷ್ಟೇ: ಕಂಬ ಬಯಲಲ್ಲೇ ಇರಬೇಕು, ಕರೆಂಟಿನ ತಂತಿ, ಮೋಟಾರು ಹತ್ತಿರ ಇರಬಾರದು. ಪೆಟ್ಟಿಗೆಯ ಬ್ಯಾಟರಿಯನ್ನು ಮನೆಗೆ ತಂದು ಚಾರ್ಜ್ ಮಾಡಿ ಮತ್ತೆ ಹೊಲಕ್ಕೆ ಒಯ್ಯಬೇಕು. ಮೊಣಕಾಲು ನೋಯುತ್ತಿದ್ದರೂ ಕೆಲವು ವಾರ ಒಯ್ದೆ.

ಎಳ್ಳಮಾವಾಸ್ಯೆ ಬಂತು. ಅಂದು ಬೀಗರು, ಮಕ್ಕಳು ಎಲ್ಲರೂ ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ ಉಣ್ಣಲು ಹೊಲಕ್ಕೆ ಬರುವವರು. ಟ್ರ್ಯಾಕ್ಟರ್ ತಾಗಿ ಕಂಬ ಬಿದ್ದೀತೆಂದು ಹಿಂದಿನ ದಿನವೇ ಪೆಟ್ಟಿಗೆಯ ಸಮೇತ ಕಿತ್ತು ತಂದು ಮನೆಯ ಮಾಳಿಗೆಯ ಮೇಲೆ ನಿಲ್ಲಿಸಿ ಚಾಲೂ ಇಟ್ಟೆ. ಅಷ್ಟರವರೆಗೆ ತಪ್ಪೇನಿರಲಿಲ್ಲ. ಹಬ್ಬದ ಮರುದಿನ ಹೊಲಕ್ಕೆ ಒಯ್ಯಬೇಕಾಗಿತ್ತು. ನಾಳೆ ಎಂದೆ. ಆ ನಾಳೆ ಬರಲೇ ಇಲ್ಲ.

ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಸಂಜೆ ಅದು ಶುರುವಾದರೆ ಮನೆಯ ರೇಡಿಯೊದಲ್ಲಿ ಗರಗರ ಬಿಟ್ಟು ಬೇರೇನೂ ಕೇಳಿಸದು. ಆ ಗದ್ದಲದಲ್ಲಿ ಮೊದಲು ಬರುವ ಸಣ್ಣ ಅಲೆ ಮುಳುಗಿಹೋಗುತ್ತದೆ, ಉಳಿಯುವುದು ಹಿಂದಿನ ಜೋರಿನದು. ಇದು ಗೊತ್ತಿರಲಿಲ್ಲ ಎನ್ನಲಾರೆ. ಜೀವನವೆಲ್ಲ ಗರಗರ ತೆಗೆದು ಹೊಟ್ಟೆ ಹೊರೆದವನು ನಾನು.

ಹುಡುಗಿಯ ಫೋನು ಬರತೊಡಗಿತು. “ಕಾಕಾ, ಹೊಲದಾಗ ಎಲ್ಲಾ ಬರಾಬರಿ ಅದ ಏನ್ರಿ? ಸಂಜಿಗೆ ನಿಮ್ಮ ಪೆಟ್ಟಿಗಿ ಹಿಂದಿನ ಅಲೀನೇ ಮೊದಲಿಂದು ಅಂತ ಹಿಡಿಯಾಕತ್ತದ.”

“ಬರಾಬರಿ ಅದ ಯವ್ವಾ.”

ಕೊನೆಗೆ ಅವಳೇ ಬರುತ್ತೇನೆಂದಳು. ಅವಳ ಬಸ್ಸು ಬರುವ ಮೊದಲೇ ಕಂಬವನ್ನೂ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗಿ ಹೊಲದಲ್ಲಿ ನೆಟ್ಟೆ. ಅವಳು ಬಿಸಿಲಿನಲ್ಲಿ ಕೂತು ತಂತಿಗಳನ್ನೆಲ್ಲ ಬಿಚ್ಚಿ ಒರೆಸಿ ಮತ್ತೆ ಕಟ್ಟಿದಳು. ತಪ್ಪು ಸಿಗಲಿಲ್ಲ. “ಹಂಗಾದ್ರ ನನ್ನ ಲೆಕ್ಕಾನೇ ತಪ್ಪದ ಕಾಕಾ,” ಎಂದು ಮುಖ ಒರೆಸಿಕೊಂಡಳು. ನಾನು ನೀರು ಕೊಟ್ಟೆ. ಅವಳು ಹೋದ ಮೇಲೆ ಕಂಬ ಮತ್ತೆ ಮಾಳಿಗೆಗೆ ಬಂತು.

ಅಂದು ರಾತ್ರಿ ಹೆಂಡತಿ ಊಟದ ಗಂಗಾಳವನ್ನು ಸದ್ದಾಗುವಂತೆ ಮುಂದಿಟ್ಟು ಒಳಗೆ ಹೋದಳು.

ಬೇಸಿಗೆ ಹತ್ತಿರ ಬಂದಾಗ ಹುಡುಗಿ ಮತ್ತೆ ಫೋನು ಮಾಡಿದಳು. “ಲೆಕ್ಕಾ ನಿಂದರಂಗಿಲ್ಲ, ಬಿಟ್ಟುಬಿಡು ಅಂದಾರ ನಮ್ಮ ಸಾಹೇಬ್ರು. ನನಗ ಬ್ಯಾರೆ ಕೆಲಸಕ್ಕ ಹಾಕ್ತಾರಂತ. ಪೆಟ್ಟಿಗಿ ಒಯ್ಯಾಕ ಗಾಡಿ ಬರ್ತದ್ರಿ.” ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸೋತಿದ್ದಳು.

ಆಗ ಹೇಳಿದೆ. ಎಲ್ಲವನ್ನೂ.

“ನಾ ಬಂದ ದಿನಾನೂ ಮಾಳಿಗಿ ಮ್ಯಾಲೇ ಇತ್ತೇನ್ರಿ?” ಎಂದಳು.

“ನೀ ಬರೋದಕಿಂತ ಮೊದಲ ಹೊಲಕ್ಕ ಒಯ್ದು ಹಚ್ಚಿದ್ದೆ ಯವ್ವಾ.”

“ಇದನ್ನ ಸಾಹೇಬ್ರಿಗೆ ನೀವೇ ಹೇಳ್ತೀರೇನ್ರಿ? ನಾ ಹೇಳಿದ್ರ ನೆವ ಅಂತಾರ.”

ಹೇಳಿದೆ. ಅವಳೇ ಫೋನು ಜೋಡಿಸಿಕೊಟ್ಟಳು. ನನ್ನ ಮಗನ ವಯಸ್ಸಿನ ಆ ಸಾಹೇಬ ಕೇಳಿದ: “ನೀವು ರೇಡಿಯೊ ರಿಪೇರಿ ಮಾಡಿದವರಲ್ಲವೇ? ಗಿರಣಿಯಿಂದ ಏನಾಗುತ್ತದೆ ಅಂತ ಗೊತ್ತಿರಲಿಲ್ಲವೇ?”

“ಗೊತ್ತಿತ್ರಿ.”

“ಮತ್ತೆ?”

ದಣಿವು, ಮೊಣಕಾಲು, ದೂರ, ಎಲ್ಲವೂ ನಾಲಗೆಯ ತುದಿಗೆ ಬಂದವು. “ಮತ್ತೇನಿಲ್ರಿ. ತಪ್ಪು ನಂದು, ಆಕೀದಲ್ಲ,” ಎಂದೆ.

ತನ್ನ ಲೆಕ್ಕ ಪರೀಕ್ಷಿಸಲು ಹುಡುಗಿಗೆ ಇನ್ನೊಂದು ಹಂಗಾಮಿನ ಕಾಲಾವಕಾಶ ಸಿಕ್ಕಿತು. ಎಳ್ಳಮಾವಾಸ್ಯೆಯ ನಂತರ ನಮ್ಮಲ್ಲಿ ಹಿಡಿದದ್ದನ್ನೆಲ್ಲ ತೆಗೆದುಹಾಕಿ ಹೊಸದಾಗಿ ಶುರುಮಾಡಬೇಕು. ಪೆಟ್ಟಿಗೆ ಮಾತ್ರ ಇನ್ನು ಸರಸಂಬಾ ಊರಿನ ಒಬ್ಬ ರೈತನ ಹೊಲಕ್ಕೆ. ಅದನ್ನು ಹೇಳಲು ಅವಳಿಗೆ ಸಂಕೋಚ. “ಸಾಹೇಬ್ರು ಅಂದಾರ ಕಾಕಾ, ನಾ ಅಲ್ಲ,” ಎಂದಳು.

“ಖರೇನೇ ಅಂದಾರ,” ಎಂದೆ.

ಗಾಡಿ ಬಂದ ದಿನ ಮಾಳಿಗೆಯಿಂದ ಕಂಬ ಇಳಿಸಲು ಅವಳು ಕೈ ಚಾಚಿದಳು. ಬೇಡವೆಂದು ನಾನೇ ಇಳಿಸಿದೆ. ಮೆಟ್ಟಿಲಿನಲ್ಲಿ ಎರಡು ಸಲ ಕೂತೆ. ಅವಳು ಅವಸರ ಮಾಡದೆ ಕೆಳಗೆ ಕಾಯ್ದಳು.