ನಂಬರಿನ ಒಡಪು

ನಮ್ಮ ಅವ್ವ ಎಂದೂ ಅಪ್ಪನ ಹೆಸರು ಹೇಳಿದವಳಲ್ಲ. ಗಂಡನ ಹೆಸರು ಬಾಯಿಗೆ ಬಂದರೆ ಆತನ ಆಯುಷ್ಯ ಸವೆಯುತ್ತದೆ ಎಂದು ನಂಬಿದ ಊರು ನಮ್ಮದು, ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಹಳ್ಳಿ. ಮದುವೆಮನೆಯಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, "ಹೆಸರ ಹೇಳು, ಒಳಗ ಬಿಡ್ತೇವಿ" ಎಂದು ಕಾಡುತ್ತಾರೆ. ಆಗ ಗಂಡನ ಹೆಸರನ್ನು ಪ್ರಾಸದ ಎರಡು ಸಾಲಿನಲ್ಲಿ ಹೆಣೆದು, ಒಂದೇ ಉಸಿರಿಗೆ ಹೇಳಿ ಒಳಗೆ ಓಡಬೇಕು. ಅದೇ ಒಡಪು. ಅವ್ವ ಅದಕ್ಕೂ ಜಗ್ಗುತ್ತಿರಲಿಲ್ಲ. ಬಾಯಿಗೆ ಸೆರಗು ಹಿಡಿದು ನಿಂತುಬಿಡುತ್ತಿದ್ದಳು. ಕಾಡಿದವರೇ ಬೇಸತ್ತು ದಾರಿ ಬಿಡುತ್ತಿದ್ದರು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊತ್ತಿಗೆ ಅಪ್ಪ ಫೌಜಿನಲ್ಲಿದ್ದ. ಕಾಗದ ಬರೆಸಲು ಅವ್ವ ಶಾಲೆಯ ಮಾಸ್ತರರ ಮನೆಗೆ ಹೋಗುತ್ತಿದ್ದಳು, ನಾನು ಆಕೆಯ ಬೆನ್ನ ಹಿಂದೆ. ವಿಳಾಸದಲ್ಲಿ ತನ್ನ ಫೌಜಿನ ನಂಬರು ತಪ್ಪಿದರೆ ಕಾಗದ ಮುಟ್ಟುವುದಿಲ್ಲ ಎಂದು ಅಪ್ಪ ಹೇಳಿ ಹೋಗಿದ್ದ. ಅಕ್ಷರ ಬಾರದ ಅವ್ವ ಆ ನಂಬರನ್ನು ಹಿಂದಿಯಲ್ಲೇ ಬಾಯಿಪಾಠ ಮಾಡಿಕೊಂಡಿದ್ದಳು. ಬೀಸುಕಲ್ಲಿನ ಮುಂದೆ ಕೂತಾಗ ಹಾಡಿನ ನಡುವೆ "ಸಾತ್, ಚಾರ್, ಚಾರ್" ಎಂದು ನಂಬರು ಬಂದುಹೋಗುತ್ತಿತ್ತು. ನನಗೆ ಅದು ದೇವರ ಹಾಡೇ ಇರಬೇಕು ಅನ್ನಿಸುತ್ತಿತ್ತು.

ಅಪ್ಪ ಹವಾಲ್ದಾರನಾಗಿ ನಿವೃತ್ತನಾಗಿ ಬಂದು ಹೊಲ ಹಿಡಿದ. ನನ್ನನ್ನು ಹತ್ತಿರದ ಕಲ್ಯಾಣ ಪಟ್ಟಣಕ್ಕೆ ಮದುವೆ ಮಾಡಿ ಕೊಟ್ಟರು. ಅಲ್ಲೇ ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿ ಸಿಕ್ಕಿತು. ಒಮ್ಮೆ ದೀಪಾವಳಿಗೆ ತವರಿಗೆ ಹೋದಾಗ ಊಟದ ಬೇಳೆಯಲ್ಲಿ ಕಲ್ಲು ಸಿಕ್ಕಿತು. ಅಪ್ಪ ಕಲ್ಲನ್ನು ಸದ್ದಿಲ್ಲದೆ ತೆಗೆದು ತಾಟಿನ ಕೆಳಗೆ ಇಟ್ಟ. ಅಲ್ಲಿ ಆಗಲೇ ನಾಲ್ಕಾರು ಕಲ್ಲುಗಳಿದ್ದವು. ಬೇಳೆ ಆರಿಸಿದ ಅವ್ವನ ಕಣ್ಣು ಮಂದವಾಗಿವೆ ಎಂದು ನನಗೆ ಆಗ ಹೊಳೆಯಿತು.

ಹುಮನಾಬಾದಿನ ಡಾಕ್ಟರು ಅವ್ವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. "ಎರಡೂ ಕಣ್ಣಿಗೆ ಮೋತಿಬಿಂದು, ಪೊರಿ ಬಂದದ. ಬಲಗಣ್ಣು ಪೂರಾ ಹಣ್ಣಾಗ್ಯದ. ಲಗೂನ ತೆಗಸ್ರಿ. ಒಳಗ ಒಡೀತಂದ್ರ ಬೆಳಕ ತಿರುಗಿ ಬರಂಗಿಲ್ಲ," ಎಂದರು. ಗುಲಬರ್ಗದ ಖಾಸಗಿ ದವಾಖಾನೆ ನಮ್ಮ ಕೈಗೆ ನಿಲುಕುವ ಮಾತಾಗಿರಲಿಲ್ಲ. "ಬೆಳಿ ಬರಲಿ, ನೋಡೋಣು," ಎಂದ ಅಪ್ಪ. ಬೆಳೆ ಮನೆಗೆ ಬರುವತನಕ ಕಣ್ಣು ಕಾಯುತ್ತದೆಯೇ?

ಅದೇ ಚಳಿಗಾಲದಲ್ಲಿ ಮಾಜಿ ಸೈನಿಕರ ಸಭೆ ಕಲ್ಯಾಣದಲ್ಲಿ, ನಮ್ಮ ಶಾಲೆಯ ಅಂಗಳದಲ್ಲೇ ನಡೆಯಿತು. ಮಂಠಾಳ, ರಾಜೇಶ್ವರದ ಕಡೆಯಿಂದೆಲ್ಲ ರುಮಾಲು ಸುತ್ತಿದ ಮುದುಕರು ಬಂದಿದ್ದರು. ಪೆನ್ಷನ್ ಇರುವ ಸೈನಿಕ ತನಗಷ್ಟೇ ಅಲ್ಲ, ಹೆಂಡತಿಗೂ ಫೌಜಿ ದವಾಖಾನೆಯಲ್ಲಿ ಇಲಾಜು ಮಾಡಿಸಬಹುದು, ಖರ್ಚಿಲ್ಲ ಎಂದು ಬಂದ ಅಧಿಕಾರಿ ಬಿಡಿಸಿ ಬಿಡಿಸಿ ಹೇಳಿದರು. ನಾನು ಕಿಟಕಿಯಿಂದ ಕೇಳಿದೆ. ಮುಂದಿನ ಸಾಲಿನಲ್ಲಿ ಕೂತ ಅಪ್ಪ ತಲೆಯಾಡಿಸುತ್ತಿದ್ದ. ಸಭೆ ಮುಗಿಸಿ ನಮ್ಮ ಮನೆಯಲ್ಲಿ ಊಟ ಮಾಡಿ ಊರಿಗೆ ಹೋದ. ಆ ವಿಷಯ ಮಾತ್ರ ಬಾಯಿಬಿಡಲಿಲ್ಲ.

ಆ ಭಾನುವಾರ ಹುಡಗಿಗೆ ಹೋಗಿ ಅಪ್ಪನನ್ನು ಪಡಸಾಲೆಯಲ್ಲೇ ಹಿಡಿದೆ. "ಅಪ್ಪಾ, ಸಾಹೇಬರು ಹೇಳಿದ್ದು ಕೇಳಿದ್ದಿಲ್ಲೇನು?"

"ಕೇಳೀನಿ. ಅದು ಖೈರಾತಿ," ಎಂದ. ನಿಜಾಮನ ಕಾಲದಲ್ಲಿ ಬಡವರ ದವಾಖಾನೆಗೆ ಖೈರಾತಿ ದವಾಖಾನೆ ಎನ್ನುತ್ತಿದ್ದರು. ಧರ್ಮಕ್ಕೆ ಕೊಡುವ ಮದ್ದು ಎಂಬ ಅರ್ಥ. ಅಪ್ಪನ ಪಾಲಿಗೆ ಅದು ಬಾಗಿಲಲ್ಲಿ ಜೋಳಿಗೆ ಹಿಡಿದಂತೆ.

"ಖೈರಾತಿ ಹ್ಯಾಂಗಾಗ್ತದ? ಅದು ಹಕ್ಕು."

"ನನಗಾದ್ರ ಹಕ್ಕು. ಬಂದೂಕ ಹೊತ್ತಾಂವ ನಾನು. ಇಕಿ ಸರ್ಕಾರಕ್ಕ ಏನ ಮಾಡ್ಯಾಳ?"

ಒಳಗಿನಿಂದ ಅವ್ವ, "ಖರೆ ಅದ. ನಾ ಏನ ಮಾಡೀನಿ?" ಎಂದಳು. ನನ್ನ ಪಿತ್ತ ನೆತ್ತಿಗೇರಿತು. "ಇಕಿ ಕಣ್ಣ ಹೋದ ಮ್ಯಾಲ ನಿನ್ನ ಮಾನಾ ಇಟ್ಕೊಂಡು ಏನ ಮಾಡ್ತಿ? ಅಂಬಲಿ ಕಾಸಿ ಕುಡಸ್ತೀಯೇನು?" ಎಂದುಬಿಟ್ಟೆ. ಅಪ್ಪನ ಎದುರು ಅಷ್ಟು ದನಿ ಎತ್ತಿದ್ದು ಅದೇ ಮೊದಲು. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ಅಷ್ಟರಲ್ಲಿ ಅವ್ವ ಚಹಾ ತಂದಳು. ಗೋಡೆ ಹಿಡಿದು ಮೆಲ್ಲಗೆ ಬಂದು, "ತಗೋರಿ," ಎಂದು ಕಪ್ಪು ಚಾಚಿದಳು. ಚಾಚಿದ್ದು ಅಪ್ಪನ ಪಕ್ಕದ ಕಂಬಕ್ಕೆ. ಅಪ್ಪ ಕೂತಲ್ಲಿಂದ ಎದ್ದು, ಕಂಬದ ಮುಂದೆ ತಾನೇ ಹೋಗಿ ನಿಂತು, ಕಪ್ಪು ತೆಗೆದುಕೊಂಡ. ಕುಡಿಯಲಿಲ್ಲ, ಹಿಡಿದೇ ನಿಂತಿದ್ದ. ಹಾಗೇ ನನ್ನ ಕಡೆ ತಿರುಗಿ, "ಹೈದರಾಬಾದ ಬಸ್ಸು ಹುಮನಾಬಾದಕ್ಕ ಎಷ್ಟಕ್ಕ ಬರ್ತದ?" ಎಂದು ಕೇಳಿದ.

ಹೈದರಾಬಾದಿನ ಕಡೆಯ ಫೌಜಿ ದವಾಖಾನೆ ಸುಣ್ಣ ಬಳಿದು ಬೆಳ್ಳಗಿತ್ತು. ಅಪ್ಪನ ಕಾಗದಗಳನ್ನು ಕಿಟಕಿಯಲ್ಲಿ ಇಸಿದುಕೊಂಡರು. ಹೆಣ್ಣುಮಕ್ಕಳ ವಿಭಾಗಕ್ಕೆ ಗಂಡಸರು ಬರುವಂತಿಲ್ಲವೆಂದು ಆತನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಕಾರಕೂನ ಕೂತಿದ್ದ. ಹಿಂದಿಯಲ್ಲಿ ಅವ್ವನಿಗೆ, "ಗಂಡನ ಹೆಸರು?" ಎಂದ.

ಅಷ್ಟು ಹಿಂದಿ ತಿಳಿಯುತ್ತಿದ್ದ ಅವ್ವ ಸೆರಗು ಬಾಯಿಗೆ ತಂದಳು. ನಾನು ಹೇಳಹೋದೆ. ಆತ ಕೈಯೆತ್ತಿ ತಡೆದ. ನಾದಿನಿಯನ್ನೂ ಅತ್ತಿಗೆಯನ್ನೂ ಹೆಂಡತಿ ಎಂದು ಹೇಳಿ ಕರೆತರುವವರಿದ್ದಾರೆ, ಅದಕ್ಕೆ ಅವರ ಬಾಯಿಂದಲೇ ಬರಬೇಕು ಎಂದ. "ನಮ್ಮಲ್ಲಿ ಹೇಳಂಗಿಲ್ರಿ," ಎಂದು ನನಗೆ ಬಂದ ಹಿಂದಿಯಲ್ಲಿ ತಿಳಿಸಿದೆ. ನಮ್ಮ ಹಿಂದೆ ಸಾಲು ಬೆಳೆಯಿತು. ಆತ ಒಳ್ಳೆಯವನೇ, ಆದರೆ ಕಾನೂನು ಹಿಡಿದವನು. ನಗುತ್ತಲೇ, "ಅಮ್ಮಾ, ಹೆಸರು ಹೇಳು, ಒಳಗೆ ಬಿಡ್ತೀನಿ," ಎಂದ.

ಮದುವೆಮನೆಯ ಹೊಸ್ತಿಲ ಮಾತೇ ಅದು. ಪಾಪ, ಆತನಿಗೇನು ಗೊತ್ತು. ಅವ್ವನ ಮುಖ ಒಮ್ಮೆಲೇ ಹಗುರಾಯಿತು. ಒಡಪಿನಲ್ಲಿ ಹೇಳಿದರೆ ಸಾಕೆಂದು ಆಕೆಗೆ ಈಗ ಹೊಳೆದಿತ್ತು. ಸೆರಗು ತೆಗೆದು, ಎಂದೂ ಒಡಪು ಹೇಳದ ನಮ್ಮ ಅವ್ವ ಒಂದೇ ಉಸಿರಿಗೆ ಹೇಳಿದಳು:

"ಬಿಳಿಜ್ವಾಳದ ಹೊಲದಾಗ ಕುಸುಬಿಯ ಸಾಲ,
ಸಾತ್ ಚಾರ್ ಚಾರ್..."

ನಂಬರು ಒಂದಂಕಿ ಬಿಡದೆ ಹೊರಬಂತು. ಕೊನೆಗೆ,

"...ನಂಬರಿನ ಫೌಜಿ ನನ್ನ ಪಾಲ."

ಕಾರಕೂನ ಬೆರಳಿಟ್ಟು ಅಪ್ಪನ ಕಾಗದ ನೋಡಿದ. ಇನ್ನೊಮ್ಮೆ ಹೇಳಿಸಿದ. ಆಮೇಲೆ ಎದ್ದು ನಿಂತು ಪರದೆ ಸರಿಸಿದ. "ಹೋಗು ಅಮ್ಮಾ, ಇನ್ನು ನಿನ್ನ ಯಾರೂ ತಡೆಯೋದಿಲ್ಲ," ಎಂದ.

ಹೊರಗೆ ಬಂದು ಅಪ್ಪನಿಗೆ ಹೇಳಿದೆ. "ನಂಬರ ಪೂರಾ ಹೇಳಿದ್ಳೇನು?" ಎಂದ.

"ಪೂರಾ. ಎರಡು ಸರ್ತಿ."

"ನಾನೇ ಈಗ ಕಾಗದ ನೋಡಿ ಹೇಳ್ತೀನಲ್ಲ," ಎಂದು ನೆಲ ನೋಡಿದ. ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡು, "ಆಗ ನಿಮ್ಮವ್ವ ಬರೆಸಿದ ಕಾಗದ ಬರಲಿಲ್ಲಂದ್ರ ನಾ ಫೌಜಿನಾಗ ಉಳೀತಿದ್ದಿಲ್ಲ, ತಂಗಿ. ಓಡಿ ಬರ್ತಿದ್ದೆ," ಎಂದ. ಖೈರಾತಿ ಎಂಬ ಮಾತು ಆಮೇಲೆ ಆತನ ಬಾಯಲ್ಲಿ ನಾನು ಕೇಳಲಿಲ್ಲ.

ಬಲಗಣ್ಣಿನ ಆಪರೇಷನ್ ಮೊದಲು ಆಯಿತು, ಮುಂದಿನ ವರ್ಷ ಎಡಗಣ್ಣಿನದು. ದಪ್ಪ ಗಾಜಿನ ಕನ್ನಡಕ ಬಂತು. ಊರಿಗೆ ಮರಳಿದ ಮೇಲೆ ಅವ್ವ ಮಾಡಿದ ಮೊದಲ ಕೆಲಸ ಬೇಳೆ ಆರಿಸಿದ್ದು. ಎರಡನೆಯದು, ನಾನು ಕಸ ಹೊಡೆದ ಮೂಲೆಗಳನ್ನೆಲ್ಲ ನೋಡಿ ನನ್ನನ್ನು ಬೈದದ್ದು. ಆ ಬೈಗುಳ ನನಗೆ ಸಕ್ಕರೆ ತಿಂದಂತಾಯಿತು.

ಒಂದು ಮಧ್ಯಾಹ್ನ ಆಕೆ ಅಪ್ಪನ ಕಬ್ಬಿಣದ ಪೆಟ್ಟಿಗೆ ಒರೆಸುತ್ತಿದ್ದಳು. ಅದರ ಮೇಲೆ ಬಿಳಿ ಬಣ್ಣದಲ್ಲಿ ಏನೋ ಬರೆದದ್ದು ಆಕೆಗೆ ಹೊಸದಾಗಿ ಕಂಡಿತು. "ಇದೇನ್ರಿ?" ಎಂದು ಕೇಳಿದಳು.

"ನೀ ಹೇಳಿದ ನಂಬರ," ಎಂದು ಅಪ್ಪ ಪಕ್ಕದಲ್ಲಿ ಕೂತ. ಆಕೆಯ ಬೆರಳು ಹಿಡಿದು ಒಂದೊಂದೇ ಅಂಕಿಯ ಮೇಲೆ ಇಟ್ಟ. ಅಷ್ಟು ವರ್ಷ ಬಾಯಲ್ಲಿದ್ದುದನ್ನು ಅವ್ವ ಅಂದೇ ಮೊದಲು ಕಣ್ಣಿಂದ ನೋಡಿದ್ದು. "ಸಾತ್ ಹಿಂಗಿರ್ತದ? ಚಾರ್ ಎರಡು ಅವ ನೋಡ್ರಿ, ಖರೆ," ಎನ್ನುತ್ತ ಕೊನೆಯತನಕ ಓದಿದಳು. ನನಗೆ ಅಳು ಬಂತು, ತಡೆಯಲಿಲ್ಲ.

"ಅದರ ಬಾಜೂಕ ಏನ ಬರದದ?"

"ಅದು ನನ್ನ ಹೆಸರು. ಅದನ್ನೂ ಓದ್ತಿಯೇನು?" ಅಪ್ಪ ಬೇಕೆಂದೇ ಕಾಡಿದ.

ಅವ್ವ ಅಂಗೈ ಅಗಲ ಮಾಡಿ ಆ ಹೆಸರನ್ನು ಮುಚ್ಚಿದಳು. "ಬ್ಯಾಡ ಬಿಡ್ರಿ," ಎಂದಳು. "ಇನ್ನೂ ಭಾಳ ದಿನ ನಿಮ್ಮನ್ನ ನೋಡಬೇಕು ನಾನು."